ಮೈಎಸ್‌ಕ್ಯುಎಲ್‌ನ ಆಟೋ ಇನ್ಕ್ರಿಮೆಂಟ್: ಐಡಿಗೆ ಸೈ, ಬಿಲ್ ನಂಬರಿಗೆ ಬೇಡ

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವವನು ನಾನು. ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಹೊಸ ಸಾಲಿಗೆ ತಾನಾಗೇ ಮುಂದಿನ ನಂಬರ್ ಕೊಡುವುದೇ ಆಟೋ ಇನ್ಕ್ರಿಮೆಂಟ್. ದಿನಾ ಬಳಸುವ ಈ ಫೀಚರ್‌ಗೆ ಐದಕ್ಕೆ ನಾಲ್ಕು ಕೊಡ್ತೀನಿ.

ಟೇಬಲ್ ಮಾಡುವಾಗ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಐಡಿ) ಪಕ್ಕದಲ್ಲಿ AUTO_INCREMENT ಅನ್ನುವ ಒಂದು ಪದ ಸೇರಿಸಿದರೆ ಮುಗೀತು. ಇಬ್ಬರು ಕ್ಯಾಷಿಯರ್‌ಗಳು ಒಟ್ಟಿಗೆ ಬಟನ್ ಒತ್ತಿದರೂ ಇಬ್ಬರಿಗೂ ಬೇರೆ ಬೇರೆ ಐಡಿ ಸಿಗುತ್ತದೆ. ಇದನ್ನೇ ‘ಇರುವುದರಲ್ಲಿ ದೊಡ್ಡ ಐಡಿ ಹುಡುಕು, ಅದಕ್ಕೆ ಒಂದು ಕೂಡಿಸು’ ಅಂತ ನಾವೇ ಕೋಡ್ ಬರೆದರೆ ಇಬ್ಬರಿಗೂ ಒಂದೇ ನಂಬರ್ ಬಂದು ಕೂರುತ್ತದೆ. ವೇಗವೂ ಚೆನ್ನಾಗಿದೆ. ಇನ್ನೊಡಿಬಿ (ಮೈಎಸ್‌ಕ್ಯುಎಲ್ ಒಳಗೆ ಡೇಟಾ ಇಡುವ ಎಂಜಿನ್) ಸಾಲುಗಳನ್ನು ಪ್ರೈಮರಿ ಕೀ ಕ್ರಮದಲ್ಲೇ ಇಡುವುದರಿಂದ ಹೊಸ ಸಾಲು ಸೀದಾ ಕೊನೆಗೆ ಹೋಗಿ ಸೇರುತ್ತದೆ, ಅದರ ಬದಲು ಯಾದೃಚ್ಛಿಕ ಯುಯುಐಡಿ (ಕ್ರಮವಿಲ್ಲದ ಉದ್ದನೆಯ ಐಡಿ) ಹಾಕಿದರೆ ಎಲ್ಲೆಲ್ಲೋ ಮಧ್ಯೆ ತೂರಿಸಬೇಕು, ಜೊತೆಗೆ ಆ ಉದ್ದದ ಕೀ ಬೇರೆ ಇಂಡೆಕ್ಸ್‌ಗಳಲ್ಲೂ (ಬೇಗ ಹುಡುಕಲು ಇಡುವ ಪಟ್ಟಿಗಳು) ಜಾಗ ತಿನ್ನುತ್ತದೆ.

ಈಗ ಕಳೆದುಕೊಂಡ ಒಂದು ಅಂಕದ ವಿಷಯ. 101ನೇ ಸಾಲು ಹಾಕಿದಿರಿ, ಸ್ಟಾಕ್ ಇಲ್ಲ ಅಂತ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಯಿತು, ಅಂದರೆ ಮಾಡಿದ್ದೆಲ್ಲ ರದ್ದಾಯಿತು. ಮುಂದಿನ ಬಿಲ್‌ಗೆ ಬರುವುದು 102. 101 ಹೋಯಿತು, ಅಷ್ಟೇ. ಐಡಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಅದೇ ನಂಬರನ್ನು ಬಿಲ್ ಮೇಲೆ ಪ್ರಿಂಟ್ ಮಾಡುವವರು ಎಷ್ಟು ಜನ! ಜಿಎಸ್‌ಟಿಯ 46ನೇ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ ಒಂದರ ಹಿಂದೆ ಒಂದು ಬರಬೇಕು, 16 ಅಕ್ಷರ ಮೀರಬಾರದು. ನಡುವೆ 101 ಎಲ್ಲಿ ಅಂತ ಆಡಿಟರ್ ಕೇಳಿದರೆ ರೋಲ್‌ಬ್ಯಾಕ್ ಕಥೆ ಹೇಳ್ತೀರಾ? ಬಿಲ್ ನಂಬರಿಗೆ ಬೇರೆ ಟೇಬಲ್ ಇಡಿ, ಅದರ ಸಾಲನ್ನು ಲಾಕ್ ಮಾಡಿ, ಬಿಲ್ ಸೇವ್ ಆಗುವ ಟ್ರಾನ್ಸಾಕ್ಷನ್ನಿನಲ್ಲೇ ಒಂದು ಹೆಚ್ಚಿಸಿ. ಸ್ವಲ್ಪ ನಿಧಾನ ಆಗುತ್ತದೆ, ಪರವಾಗಿಲ್ಲ.

8.0ಕ್ಕಿಂತ ಹಳೆಯ ವರ್ಷನ್ ಇಟ್ಟುಕೊಂಡಿದ್ದರೆ ಇನ್ನೊಂದು ಕಾಟ. ಅದರಲ್ಲಿ ಮುಂದಿನ ನಂಬರ್ ನೆನಪಿಡುವ ಇನ್ನೊಡಿಬಿ ಕೌಂಟರ್ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು. ಕೊನೆಯ ಸಾಲು ಅಳಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದೇ ಐಡಿ ಮತ್ತೊಬ್ಬರಿಗೆ. 2003ರಲ್ಲೇ ದಾಖಲಾಗಿದ್ದ ಬಗ್ ಇದು, ಸರಿಹೋಗಿದ್ದು 2018ರಲ್ಲಿ ಬಂದ 8.0ದಲ್ಲಿ. ಹದಿನೈದು ವರ್ಷ ಸ್ವಾಮಿ!

ಐಡಿಯ ಕಾಲಮ್ ಟೈಪ್ ಸುಮ್ನೆ ಬಿಗ್‌ಇಂಟ್ (ದೊಡ್ಡ ಸಂಖ್ಯೆ ಹಿಡಿಯುವ ಟೈಪ್) ಇಟ್ಟುಬಿಡಿ. ಮಾಮೂಲಿ ಇಂಟ್ 2,147,483,647ಕ್ಕೆ ನಿಲ್ಲುತ್ತದೆ, ಆಮೇಲೆ ಡುಪ್ಲಿಕೇಟ್ ಎಂಟ್ರಿ ಎರರ್. ಅಂಗಡಿ ಬಿಲ್ ಅಷ್ಟು ಆಗಲ್ಲ ನಿಜ, ಲಾಗ್ ಟೇಬಲ್ ಆಗುತ್ತದೆ.

ನಂಬರ್ ಹಾರುತ್ತದೆ ಅನ್ನುವ ಒಂದೇ ಕಾರಣಕ್ಕೆ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ಗೆ ಹೋಗಬೇಡಿ. ಅಲ್ಲಿ ನಂಬರ್ ಕೊಡುವ ಸೀಕ್ವೆನ್ಸ್ ಕೂಡ ರೋಲ್‌ಬ್ಯಾಕ್ ಆದರೆ ಹಿಂದಕ್ಕೆ ಬರಲ್ಲ. ಮೇಲಾಗಿ ಅಲ್ಲಿ ಸೀರಿಯಲ್ (ಸೀಕ್ವೆನ್ಸ್‌ನಿಂದ ನಂಬರ್ ಪಡೆಯುವ) ಕಾಲಮ್‌ಗೆ ಕೈಯಾರೆ 500 ಅಂತ ಐಡಿ ಹಾಕಿದರೆ ಸೀಕ್ವೆನ್ಸ್‌ಗೆ ಗೊತ್ತೇ ಆಗಲ್ಲ, ಒಂದು ದಿನ ಅದೂ 500ಕ್ಕೆ ಬಂದು ಮುಗ್ಗರಿಸುತ್ತದೆ. ಮೈಎಸ್‌ಕ್ಯುಎಲ್ ತಾನೇ 501ಕ್ಕೆ ಹೋಗುತ್ತದೆ.