ಗೊರಬಲು ಬಾರದ ದಿನವೂ ಗೊರಬಲಿನ ತೂಕ: ಎಕ್ಸೆಲ್ ಮ್ಯಾಕ್ರೊ ಜೊತೆ 12 ವರ್ಷ

ಮಲೆನಾಡಿನ ಅಡಿಕೆ ಮಾರಾಟ ಸಂಘವೊಂದರಲ್ಲಿ ಲೆಕ್ಕ ಬರೆಯುವವನು ನಾನು. ದಿನವೂ ಬರುವ ಮಾಲನ್ನು ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ದರ್ಜೆಗಳಾಗಿ ಬೇರ್ಪಡಿಸಿ ತೂಕ ಕೂಡಿಸಬೇಕು. ಇದಕ್ಕಾಗಿ ಎಕ್ಸೆಲ್‌ನ ವಿಬಿಎ ಮ್ಯಾಕ್ರೊವನ್ನು, ಅಂದರೆ ಎಕ್ಸೆಲ್ ತಾನೇ ಮಾಡಿ ಮುಗಿಸುವಂತೆ ಬರೆದಿಟ್ಟ ಆಜ್ಞೆಗಳ ಸಾಲನ್ನು, 12 ವರ್ಷಗಳಿಂದ ಬಳಸುತ್ತಿದ್ದೇನೆ. ಆಗ 2007ರ ಆವೃತ್ತಿಯಿತ್ತು, ಈಗ 2019ರದ್ದು ಇದೆ. ಅಂದು ಫಿಲ್ಟರ್ ಮಾಡಲು ಬರೆದ ಸಾಲುಗಳು ಆವೃತ್ತಿ ಬದಲಾಯಿತೆಂದು ಒಂದಕ್ಷರವೂ ತಿದ್ದಬೇಕಾಗದೆ ಇಂದಿಗೂ ಓಡುತ್ತಿವೆ. ಕೈಯಿಂದ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಒಂದು ಗುಂಡಿ ಒತ್ತಿದರೆ ಮುಗಿಯುತ್ತದೆ.

ಆದರೆ ಇದೇ ಮ್ಯಾಕ್ರೊ ಒಮ್ಮೆ ನನ್ನನ್ನು ಇಡೀ ವಾರ ನಿದ್ದೆಗೆಡಿಸಿತು. ಫಿಲ್ಟರ್ ಹಾಕಿದ ಮೇಲೆ ಕಾಣುವ ಸಾಲುಗಳನ್ನು ಮಾತ್ರ ಹಿಡಿಯಲು 'ಸ್ಪೆಷಲ್ ಸೆಲ್ಸ್' ಎಂಬ ಆಜ್ಞೆ ಇದೆ. ಒಂದು ಸಾಲೂ ಕಾಣದಿದ್ದರೆ ಅದು ಸೊನ್ನೆ ಕೊಡುವುದಿಲ್ಲ, 1004 ಎಂಬ ದೋಷ ತೋರಿಸಿ ನಿಂತುಬಿಡುತ್ತದೆ. ಆ ಕಾಟ ತಪ್ಪಲಿ ಎಂದು ನಾನು ಮ್ಯಾಕ್ರೊದ ತಲೆಯ ಮೇಲೆಯೇ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂದು ಬರೆದಿದ್ದೆ. ದೋಷ ಬಂದರೆ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗು ಎಂದು ಅದರ ಅರ್ಥ. ಒಂದು ದಿನ ಗೊರಬಲು ಬರಲೇ ಇಲ್ಲ. ದೋಷ ಬಂದದ್ದು ಯಾರಿಗೂ ಕಾಣಲಿಲ್ಲ. ಅದರ ಹಿಂದಿನ ಸುತ್ತಿನಲ್ಲಿ ಹಿಡಿದಿದ್ದ ಬೆಟ್ಟೆಯ ಸಾಲುಗಳೇ ಚರದಲ್ಲಿ (ಮ್ಯಾಕ್ರೊ ಮಾಹಿತಿ ಹಿಡಿದಿಡುವ ಹೆಸರಿಟ್ಟ ಜಾಗ) ಉಳಿದುಕೊಂಡು, ಬೆಟ್ಟೆಯ ತೂಕವೇ ಗೊರಬಲಿನ ಮುಂದೆಯೂ ಮುದ್ರಣವಾಯಿತು. ಮೊತ್ತ ನಂಬುವಂತೆಯೇ ಇತ್ತು. ರೈತರೊಬ್ಬರು ತಮ್ಮ ಚೀಟಿ ಹಿಡಿದು ಬಂದು ಕೇಳದಿದ್ದರೆ ತಪ್ಪು ಹಾಗೆಯೇ ಉಳಿಯುತ್ತಿತ್ತು. ತಪ್ಪು ನನ್ನದೇ.

ಅಂದಿನಿಂದ ಆ ಸಾಲನ್ನು ಒಂದೇ ಒಂದು ಆಜ್ಞೆಯ ಸುತ್ತ ಮಾತ್ರ ಬಳಸುತ್ತೇನೆ. ಮೊದಲು ಚರವನ್ನು 'ನಥಿಂಗ್' ಎಂದು ಬರಿದುಮಾಡುತ್ತೇನೆ, ಆಮೇಲೆ ರೆಸ್ಯೂಮ್ ನೆಕ್ಸ್ಟ್, ಆಮೇಲೆ ಸ್ಪೆಷಲ್ ಸೆಲ್ಸ್, ತಕ್ಷಣವೇ ಆ ರೆಸ್ಯೂಮ್ ನೆಕ್ಸ್ಟ್ ಅನ್ನು ರದ್ದುಮಾಡುವ 'ಆನ್ ಎರರ್ ಗೋಟು 0'. ಚರ ಇನ್ನೂ ನಥಿಂಗ್ ಆಗಿಯೇ ಇದ್ದರೆ ತೂಕ ಸೊನ್ನೆ. ಉಳಿದ ಕಡೆ ದೋಷ ಬಂದರೆ ಮ್ಯಾಕ್ರೊ ಕೊನೆಯ ಭಾಗಕ್ಕೆ ಹಾರಿ, ದೋಷದ ಸಂಖ್ಯೆ ಮತ್ತು ವಿವರಣೆಯನ್ನು ಬೇರೊಂದು ಹಾಳೆಯಲ್ಲಿ ಬರೆದಿಟ್ಟು, ಓಡುವಾಗ ತಾನು ನಿಲ್ಲಿಸಿಟ್ಟ ಎಕ್ಸೆಲ್‌ನ ಲೆಕ್ಕಾಚಾರವನ್ನು ಮತ್ತೆ ಸ್ವಯಂಚಾಲಿತಕ್ಕೆ ತರುತ್ತದೆ. ಇದನ್ನು ಮಾಡದೆ ನಡುವೆ ನಿಂತರೆ ಹಾಳೆಯ ಮೊತ್ತಗಳು ಹಳತಾಗಿಯೇ ಉಳಿಯುತ್ತವೆ, ನೋಡುವವರಿಗೆ ಅದು ಸುಲಭವಾಗಿ ಗೊತ್ತಾಗುವುದಿಲ್ಲ.

ಇನ್ನೊಂದು ಬಲೆಯಿದೆ. ದಿನಕ್ಕೆ ಒಂದೇ ಸಾಲಿನ ಆವಕವಿದ್ದು, ಆ ಒಂದೇ ಕೋಶದ ಮೇಲೆ ಸ್ಪೆಷಲ್ ಸೆಲ್ಸ್ ಓಡಿಸಿದರೆ ಅದು ಹಾಳೆಯ ಬಳಕೆಯಲ್ಲಿರುವ ಭಾಗವನ್ನೆಲ್ಲ ಹುಡುಕುತ್ತದೆ. ಹೀಗಾಗಿ ಸಾಲುಗಳನ್ನು ಮೊದಲೇ ಎಣಿಸುವುದು ಕ್ಷೇಮ.

ದಿನಾಂಕದ ವಿಷಯದಲ್ಲಿ ನಮ್ಮವರು ಹೆಚ್ಚು ಎಚ್ಚರದಿಂದಿರಬೇಕು. ನಾವು ಏಪ್ರಿಲ್ 3ನ್ನು 03/04 ಎಂದು ಬರೆಯುತ್ತೇವೆ. ಮ್ಯಾಕ್ರೊದ ಫಿಲ್ಟರ್ ಅದನ್ನು ಅಮೆರಿಕದ ಕ್ರಮದಲ್ಲಿ ಮಾರ್ಚ್ 4 ಎಂದು ಓದುತ್ತದೆ. ದಿನಾಂಕವನ್ನು ಸಂಖ್ಯೆಗೆ ಪರಿವರ್ತಿಸಿ, ಅದಕ್ಕಿಂತ ಹೆಚ್ಚು ಅಥವಾ ಸಮ, ಮರುದಿನಕ್ಕಿಂತ ಕಡಿಮೆ ಎಂಬ ಎರಡು ಷರತ್ತು ಕೊಟ್ಟ ಮೇಲೆ ನನಗೆ ತೊಂದರೆಯಾಗಿಲ್ಲ.

ಹೊಸ ಆವೃತ್ತಿಗಳಲ್ಲಿರುವ 'ಫಿಲ್ಟರ್' ಸೂತ್ರದಲ್ಲಿ, ಏನೂ ಸಿಗದಿದ್ದರೆ ಏನು ತೋರಿಸಬೇಕೆಂದು ಮೊದಲೇ ಹೇಳಬಹುದು. 2021ರ ಅಥವಾ ಅದರ ನಂತರದ ಆವೃತ್ತಿ, ಇಲ್ಲವೇ ಮೈಕ್ರೋಸಾಫ್ಟ್ 365 ಇರುವವರು ಸಣ್ಣ ಕೆಲಸಕ್ಕೆ ಮ್ಯಾಕ್ರೊ ಬರೆಯಬೇಕಾಗಿಲ್ಲ. ನಮ್ಮಲ್ಲಿ ಅದಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಿಡಿದಿಟ್ಟ ಒಂದು ಅಂಕ ಕನ್ನಡದ್ದು. ಕೋಶದಲ್ಲಿ 'ಬೆಟ್ಟೆ' ಎಂದು ಅಂದವಾಗಿ ಕಾಣುವ ಪದವನ್ನು ಮ್ಯಾಕ್ರೊ ಬರೆಯುವ ಕಿಟಕಿಯಲ್ಲಿ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟುತ್ತವೆ. ಅದಕ್ಕೇ ನಾಲ್ಕೂ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಮ್ಯಾಕ್ರೊ ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡಿದ್ದೇನೆ.