ಪ್ಯಾನ್ ನನ್ನದು, ಸಾಲ ಯಾರದೋ

ಓಟಿಪಿ ಯಾರಿಗೂ ಹೇಳದಿದ್ದರೆ ಸಾಕು ಅಂತ ನಂಬಿರುವವರು ಇದನ್ನು ದಯವಿಟ್ಟು ಓದಿ. ಯಾರೋ ಪುಣ್ಯಾತ್ಮ ನನ್ನ ಹೆಸರಲ್ಲಿ ಆ್ಯಪ್ ಒಂದರಿಂದ ಸಾಲ ಎತ್ತಿದ್ದಾನೆ. ನನಗೆ ಒಂದು ಓಟಿಪಿಯೂ ಬರಲಿಲ್ಲ, ಒಂದು ಮೆಸೇಜೂ ಇಲ್ಲ.

ಗೊತ್ತಾಗಿದ್ದು ಗೃಹಸಾಲಕ್ಕೆ ಅರ್ಜಿ ಹಾಕಿದಾಗ. "ಸರ್, ಹಳೇ ಸಾಲ ಒಂದು ಓವರ್‌ಡ್ಯೂ ತೋರಿಸ್ತಿದೆ, ಕ್ಲಿಯರ್ ಮಾಡ್ಕೊಂಡು ಬನ್ನಿ" ಅಂದರು ಬ್ಯಾಂಕಿನವರು. ಯಾವ ಹಳೇ ಸಾಲ? ನಮ್ಮ ಹೆಸರಿನ ಸಾಲ, ಕಂತುಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿದೆ. ಹೆಸರು ನನ್ನದು, ಹುಟ್ಟಿದ ದಿನ ನನ್ನದು, ಪ್ಯಾನ್ ನನ್ನದು. ಆದರೆ ಮೊಬೈಲ್ ನಂಬರುಗಳ ಸಾಲಿನಲ್ಲಿ ಗುರುತೇ ಇಲ್ಲದ ಒಂದು ನಂಬರ್. ವಿಳಾಸದ ಜಾಗದಲ್ಲಿ ನಾನು ಕಾಲೇ ಇಡದ ಊರು. ಕೆಳಗೆ ತಿಂಗಳುವಾರು ಲೆಕ್ಕ: 000, 030, 060, 090. ಕಂತು ಎಷ್ಟು ದಿನ ಬಾಕಿ ಬಿದ್ದಿದೆ ಅನ್ನುವುದನ್ನು ಈ ಅಂಕಿಗಳು ಹೇಳುತ್ತವೆ. ಒಂದು ಕಂತು ನೆಟ್ಟಗೆ ಕಟ್ಟಿ, ಆಮೇಲೆ ಕೈ ಎತ್ತಿದ್ದಾನೆ.

ಓಟಿಪಿ ಯಾಕೆ ಬರಲಿಲ್ಲ ಅಂತ ಆಗ ಅರ್ಥವಾಯಿತು. ಆ್ಯಪ್‌ಗೆ ಅವನು ಕೊಟ್ಟಿದ್ದು ತನ್ನ ನಂಬರ್. ಓಟಿಪಿ ಎಲ್ಲ ಹೋಗಿದ್ದು ಅಲ್ಲಿಗೇ. ಸಾಲ ಕೊಟ್ಟ ಕಂಪನಿಯಿಂದ ಅರ್ಜಿಯ ಪ್ರತಿ ಕೇಳಿ ತರಿಸಿಕೊಂಡರೆ, ಪ್ಯಾನ್ ಕಾರ್ಡಿನಲ್ಲಿ ನನ್ನ ಸಹಿ, ಪಕ್ಕದಲ್ಲಿ ಬೇರೆ ಯಾರದೋ ಫೋಟೊ! ಬಾಡಿಗೆ ಮನೆ, ಸಿಮ್, ಲಾಡ್ಜ್, ಕೆಲಸ ಅಂತ ಎಲ್ಲ ಕಡೆ ಜೆರಾಕ್ಸ್ ಕೊಟ್ಟಿರುತ್ತೇವೆ, ಅಲ್ವಾ? ಯಾವ ಕಟ್ಟಿನಿಂದ ಹೊರಬಿತ್ತು ಅಂತ ಹುಡುಕುತ್ತಾ ಕೂತರೆ ಸುಮ್ನೆ ತಲೆ ಕೆಡುತ್ತದೆ.

ದೂರು ಕೊಟ್ಟ ಮೇಲೆ ವಸೂಲಿಯವರ ಫೋನ್ ಶುರುವಾಯಿತು. "ಅರ್ಧ ಕಟ್ಟಿಬಿಡಿ ಸರ್, ಸೆಟಲ್ ಮಾಡಿಸ್ತೀನಿ." ಅಪ್ಪಿತಪ್ಪಿಯೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ, ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ ಸಾಲ ಅಂತ ಬೀಳುತ್ತದೆ. ಮುಂದೆ ಸಾಲ ಕೊಡುವವರು ಅದನ್ನೂ ಒಳ್ಳೆಯದಾಗಿ ನೋಡುವುದಿಲ್ಲ.

ಈ ರಿಪೋರ್ಟ್ ತಯಾರಿಸುವ ಕಂಪನಿಗೆ ಕ್ರೆಡಿಟ್ ಬ್ಯೂರೋ ಅಂತಾರೆ. ಬ್ಯೂರೋದ ವೆಬ್‌ಸೈಟಿನಲ್ಲೇ ಡಿಸ್ಪ್ಯೂಟ್ (ತಕರಾರು) ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಬ್ಯೂರೋದವರು ತಾವಾಗಿ ಏನನ್ನೂ ಅಳಿಸುವುದಿಲ್ಲ. ಸಾಲ ಕೊಟ್ಟವರು ಹೂಂ ಅನ್ನಬೇಕು. ಹಾಗಾಗಿ ಅವರಿಗೂ ಇಮೇಲ್‌ನಲ್ಲೇ ದೂರು ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇದು 30 ದಿನದಲ್ಲಿ ಬಗೆಹರಿಯಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ಇದನ್ನು ಇಮೇಲಿನಲ್ಲಿ ಒಂದು ಸಾಲು ಬರೆದು ನೋಡಿ, ಉತ್ತರದ ಧಾಟಿಯೇ ಬದಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಅದರ ಪ್ರತಿಯನ್ನು ಎಲ್ಲ ಇಮೇಲ್‌ಗೂ ಲಗತ್ತಿಸಿ. ಐಟಿ ಕಾಯ್ದೆಯ 66ಸಿ ಕಲಂ ಇರುವುದು ಇಂಥದ್ದಕ್ಕೇ, 3 ವರ್ಷದವರೆಗೆ ಜೈಲು. (ನಿಮ್ಮ ಖಾತೆಯಿಂದಲೇ ಈಗಷ್ಟೇ ದುಡ್ಡು ಹೋಗಿದ್ದರೆ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕ.)

ಇನ್ನೊಂದು ವಿಷಯ. ಬ್ಯೂರೋ ಅಂದರೆ ಎಲ್ಲರಿಗೂ ಗೊತ್ತಿರುವುದು ಸಿಬಿಲ್ ಒಂದೇ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಕೂಡ ಇವೆ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಹಾಗೇ ಕೂತಿರಬಹುದು. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗೆ. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಅದೊಂದು ಸುಳ್ಳು ಭಯ. ರಿಪೋರ್ಟಿನಲ್ಲಿ ಸ್ಕೋರ್‌ಗಿಂತ ಎನ್‌ಕ್ವೈರಿ ಭಾಗವನ್ನು (ಸಾಲದ ಅರ್ಜಿ ಬಂದಾಗ ಯಾವ ಕಂಪನಿ ನಿಮ್ಮ ರಿಪೋರ್ಟ್ ನೋಡಿದೆ ಅನ್ನುವ ಪಟ್ಟಿ) ಜಾಸ್ತಿ ನೋಡಿ. ನೀವು ಅರ್ಜಿಯೇ ಹಾಕದ ಕಂಪನಿಯ ಹೆಸರು ಅಲ್ಲಿದ್ದರೆ, ಯಾರೋ ನಿಮ್ಮ ಹೆಸರಲ್ಲಿ ಸಾಲಕ್ಕೆ ಕೈ ಹಾಕಿರಬಹುದು.

ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜೆರಾಕ್ಸ್ ಮೇಲೆ ಯಾರಿಗೆ, ಯಾಕೆ, ಯಾವ ತಾರೀಖು ಅಂತ ಅಡ್ಡಡ್ಡ ಬರೆಯಿರಿ, ಫೋಟೊ ಮೇಲೂ ಹಾಯುವ ಹಾಗೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಕಾಣುತ್ತದೆ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು.

ಮನೆಯಲ್ಲಿರುವ ಹಿರಿಯರ ರಿಪೋರ್ಟನ್ನೂ ತೆಗೆದು ನೋಡಿ. ಜೀವನದಲ್ಲಿ ಸಾಲವನ್ನೇ ಮಾಡದವರು ಅದನ್ನು ನೋಡುವ ಗೋಜಿಗೇ ಹೋಗುವುದಿಲ್ಲ. ಕಳ್ಳರಿಗೆ ಬೇಕಿರುವುದೂ ಅಂಥ ಹೆಸರುಗಳೇ.