ವಿಮಾನದ ಪಾಯಿಂಟ್ಸ್ ಕಾರ್ಡೋ, ಕ್ಯಾಶ್‌ಬ್ಯಾಕ್ ಕಾರ್ಡೋ: ಹುಬ್ಬಳ್ಳಿಯಿಂದ ಹೊರಡುವ ನಾಲ್ಕು ಮಂದಿಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ತಿಂಗಳಿಗೆ ಕಾರ್ಡಿನ ಮೇಲೆ 25 ಸಾವಿರದ ಆಸುಪಾಸು ಖರ್ಚು, ವರ್ಷಕ್ಕೊಂದು ದೊಡ್ಡ ಪ್ರವಾಸ. ಹುಬ್ಬಳ್ಳಿ-ಧಾರವಾಡದ ಇಂಥ ಮನೆಗೆ ಸಾದಾ ಕ್ಯಾಶ್‌ಬ್ಯಾಕ್ ಕಾರ್ಡೇ ಸರಿ. ವಿಮಾನ ಕಂಪನಿಯ ಹೆಸರಿರುವ ಪಾಯಿಂಟ್ಸ್ ಕಾರ್ಡು, ಆನ್‌ಲೈನ್ ಖರ್ಚಿಗೆ ರೊಕ್ಕ ವಾಪಸ್ ಕೊಡುವ ಕಾರ್ಡು, ರೈಲಿನ ಐಆರ್‌ಸಿಟಿಸಿ ಕಾರ್ಡು, ಈ ಮೂರನ್ನೂ ಒಂದೇ ಮನೆಯ ಖರ್ಚಿಗೆ ಹಚ್ಚಿ, ಸ್ಟೇಟ್‌ಮೆಂಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಬಂದ ತೀರ್ಮಾನ ಇದು. ಒಬ್ಬರೇ ಕಚೇರಿ ಕೆಲಸಕ್ಕೆ ತಿಂಗಳಿಗೆರಡು ಸಲ ಹಾರುವವರ ಲೆಕ್ಕ ಬೇರೆ. ವಿಮಾನದ ಕಾರ್ಡು ಯಾರಿಗೆ ಹೊಂದುತ್ತದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಬ್ಯಾಂಕಿನವರು ಪಾಯಿಂಟ್ಸ್ ಎಷ್ಟು ಸಿಗುತ್ತವೆ ಎಂದು ಹೇಳುತ್ತಾರೆ, ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂದು ಹೇಳುವುದಿಲ್ಲ. ಅದನ್ನು ನೀವೇ ತೆಗೆಯಬೇಕು. ನೀವು ಹೋಗುವ ದಿನಾಂಕಕ್ಕೆ, ನೀವು ಹೋಗುವ ಊರಿಗೆ, ರೊಕ್ಕದ ದರ ಮತ್ತು ಪಾಯಿಂಟಿನ ದರ ಎರಡನ್ನೂ ಒಂದೇ ಹೊತ್ತಿನಲ್ಲಿ ನೋಡಿ. ಪಾಯಿಂಟ್ಸ್ ಕೊಟ್ಟು ತೆಗೆದ ಟಿಕೆಟ್ಟಿಗೂ ವಿಮಾನ ನಿಲ್ದಾಣದ ಶುಲ್ಕ, ಭದ್ರತಾ ಶುಲ್ಕ, ತೆರಿಗೆಗಳನ್ನು ಸಾಮಾನ್ಯವಾಗಿ ನಗದಾಗಿ ಕಟ್ಟಬೇಕಾಗುತ್ತದೆ. ಆ ಮೊತ್ತವನ್ನು ರೊಕ್ಕದ ದರದಿಂದ ಕಳೆದು, ಉಳಿದದ್ದನ್ನು ಪಾಯಿಂಟಿನ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ದಿಲ್ಲಿಯ ಒಂದು ಟಿಕೆಟ್ 6,200 ರೂಪಾಯಿ, ಅದೇ ಟಿಕೆಟ್ 9,000 ಪಾಯಿಂಟ್ಸ್ ಮತ್ತು 1,100 ರೂಪಾಯಿ ಎಂದಿಟ್ಟುಕೊಳ್ಳಿ. ಉಳಿದದ್ದು 5,100. ಭಾಗಿಸಿದರೆ ಒಂದು ಪಾಯಿಂಟಿಗೆ ಸುಮಾರು 57 ಪೈಸೆ. ಜಾಹೀರಾತಿನಲ್ಲಿ ಒಂದು ಪಾಯಿಂಟ್ ಅಂದರೆ ಒಂದು ರೂಪಾಯಿ ಎನ್ನುವ ಭಾವನೆ ಹುಟ್ಟಿಸಿರುತ್ತಾರೆ. ಈ ಭಾಗಾಕಾರ ಮಾಡದೆ ಆ ಮಾತು ನಂಬಬೇಡಿ.

ಈಗ ವರ್ಷದ ಲೆಕ್ಕ. ತಿಂಗಳಿಗೆ 25 ಸಾವಿರ ಖರ್ಚಾದರೂ ಎಲ್ಲಕ್ಕೂ ಲಾಭ ಬರುವುದಿಲ್ಲ. ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ತುಂಬುವ ರೊಕ್ಕ, ಇಎಂಐ, ವಿಮೆ, ಸರ್ಕಾರಿ ಪಾವತಿ ಇವನ್ನು ಹೆಚ್ಚಿನ ಕಾರ್ಡುಗಳು ಹೊರಗಿಡುತ್ತವೆ. ಹೆಸ್ಕಾಂ ಕರೆಂಟ್ ಬಿಲ್ಲು ಮತ್ತು ಶಾಲೆಯ ಫೀ ಕೆಲವು ಕಾರ್ಡುಗಳಲ್ಲಿ ಒಳಗೆ, ಕೆಲವುಗಳಲ್ಲಿ ಹೊರಗೆ. ಹೀಗಾಗಿ ಲೆಕ್ಕಕ್ಕೆ ಸಿಗುವುದು 20 ಸಾವಿರ ಎಂದು ಹಿಡಿಯೋಣ, ಅರ್ಧ ಆನ್‌ಲೈನ್, ಅರ್ಧ ಅಂಗಡಿ. ವರ್ಷಕ್ಕೆ 2.4 ಲಕ್ಷ. ನೂರಕ್ಕೆ ಎರಡು ಪಾಯಿಂಟ್ಸ್ ಕೊಡುವ ವಿಮಾನದ ಕಾರ್ಡಿನಲ್ಲಿ 4,800 ಪಾಯಿಂಟ್ಸ್ ಬರುತ್ತವೆ, 57 ಪೈಸೆಯಂತೆ ಸುಮಾರು 2,700 ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 3,000 ಇದ್ದರೆ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 3,540. ಎಂಟುನೂರು ರೂಪಾಯಿ ಕೈಯಿಂದಲೇ ಹೋಯಿತು. ಆನ್‌ಲೈನ್‌ಗೆ ಶೇ. 5, ಅಂಗಡಿಗೆ ಶೇ. 1 ಕೊಡುವ ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲಿ ಅದೇ ಖರ್ಚಿಗೆ 6,000 ಮತ್ತು 1,200, ಒಟ್ಟು 7,200. 999ರ ಶುಲ್ಕ, ಜಿಎಸ್‌ಟಿ ಕಳೆದರೂ ಆರು ಸಾವಿರ ಉಳಿಯುತ್ತದೆ. ವರ್ಷದಲ್ಲಿ ಇಂತಿಷ್ಟು ಖರ್ಚಾದರೆ ಶುಲ್ಕ ಮಾಫಿ ಇರುವ ಕಾರ್ಡಾದರೆ ಪೂರ್ತಿ ಉಳಿಯುತ್ತದೆ.

ಮೊದಲ ವರ್ಷ ಮಾತ್ರ ವಿಮಾನದ ಕಾರ್ಡು ಗೆಲ್ಲುವಂತೆ ಕಾಣುತ್ತದೆ, ಕಾರಣ ಸೇರ್ಪಡೆಯ ಬೋನಸ್. ಎರಡನೇ ವರ್ಷದ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ.

ಇಲ್ಲಿಯವರೆಗಿನದು ರೊಕ್ಕದ ಮಾತು, ಅದನ್ನು ಒಬ್ಬೊಬ್ಬರು ಒಂದೊಂದು ರೀತಿ ತೂಗಬಹುದು. ಆದರೆ ಮನೆಮಂದಿಯೊಂದಿಗೆ ಹೊರಡುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಪಿಎನ್‌ಆರ್ (ಬುಕ್ಕಿಂಗ್ ಸಂಖ್ಯೆ) ಒಡೆಯುವ ತ್ರಾಸು. ಕೂಡಿಟ್ಟ ಪಾಯಿಂಟ್ಸ್, ಅಥವಾ ವರ್ಷದ ಖರ್ಚಿನ ಗುರಿ ಮುಟ್ಟಿದ್ದಕ್ಕೆ ಕಾರ್ಡಿನವರು ಕೊಡುವ ಟಿಕೆಟ್ ವೋಚರ್, ನಾಲ್ಕು ಮಂದಿಗೆ ಸಾಲುವುದೇ ಇಲ್ಲ. ಒಬ್ಬರಿಗೆ, ಬಹಳವಾದರೆ ಇಬ್ಬರಿಗೆ ಸಾಲುತ್ತವೆ. ಆಗ ಇಬ್ಬರ ಟಿಕೆಟ್ ಪಾಯಿಂಟ್ಸಿನಲ್ಲಿ, ಇನ್ನಿಬ್ಬರದು ರೊಕ್ಕದಲ್ಲಿ. ಒಂದೇ ಮನೆ, ಎರಡು ಪಿಎನ್‌ಆರ್.

ಇದರಿಂದ ಏನೇನು ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. 12 ವರ್ಷದೊಳಗಿನ ಮಗುವಿಗೆ ತಂದೆತಾಯಿಯಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಸೂಚಿಸಿತು. ಆದರೆ ಆ ಸೂಚನೆ ಅನ್ವಯಿಸುವುದು ಒಂದೇ ಪಿಎನ್‌ಆರ್‌ನಲ್ಲಿ ಇರುವವರಿಗೆ. ಅಪ್ಪ-ಅಮ್ಮನನ್ನು ಪಾಯಿಂಟ್ಸಿನಲ್ಲಿ, ಮಕ್ಕಳನ್ನು ರೊಕ್ಕದಲ್ಲಿ ಎಂದು ಹಂಚಲು ಆಗುವುದಿಲ್ಲ, ದೊಡ್ಡವರಿಲ್ಲದೆ ಮಕ್ಕಳ ಟಿಕೆಟ್ ಆನ್‌ಲೈನ್‌ನಲ್ಲಿ ಮುಂದೆ ಹೋಗುವುದೇ ಇಲ್ಲ. ಹಂಚಲೇಬೇಕಾದರೆ ಒಬ್ಬ ದೊಡ್ಡವರು ಮತ್ತು ಒಂದು ಮಗು ಈ ಕಡೆ, ಇನ್ನೊಬ್ಬ ದೊಡ್ಡವರು ಮತ್ತು ಇನ್ನೊಂದು ಮಗು ಆ ಕಡೆ. ಎರಡೂ ಜೋಡಿ ಹತ್ತಿರ ಕೂರಬೇಕೆಂದರೆ ಸೀಟಿಗೆ ಬೇರೆ ರೊಕ್ಕ.

ಎರಡನೆಯದು ಸಾಮಾನು. ದೇಶದೊಳಗಿನ ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ ತಲೆಗೆ 15 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲ. ನಾಲ್ವರೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ 60 ಕಿಲೋವನ್ನು ಕೂಡಿಸಿ ನೋಡುತ್ತಾರೆ. ಒಡೆದರೆ 30 ಇಲ್ಲಿ, 30 ಅಲ್ಲಿ. ನಮ್ಮ ಕಡೆಯಿಂದ ಹೊರಡುವ ಚೀಲಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನೆಂಟರಿಗೆ ಪೇಡೆ ಇದ್ದೇ ಇರುತ್ತವೆ, ತೂಕ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಕೌಂಟರಿನವರು ಎರಡು ಪಿಎನ್‌ಆರ್ ಕೂಡಿಸಿ ತೂಗಿದರೆ ಅದು ಅವರ ದೊಡ್ಡತನ, ನಿಮ್ಮ ಹಕ್ಕಲ್ಲ. ಮನೆಯಲ್ಲೇ ತೂಗಿ, ಜೋಡಿ ಪ್ರಕಾರ ಚೀಲ ಕಟ್ಟಿಕೊಂಡು ಹೋಗಿ.

ಮೂರನೆಯದು ವೇಳೆ ಬದಲಾವಣೆ. ಕಂಪನಿ ವಿಮಾನದ ಸಮಯ ಬದಲಿಸಿದಾಗ ಅಥವಾ ರದ್ದು ಮಾಡಿದಾಗ ಪ್ರತಿ ಪಿಎನ್‌ಆರ್‌ಗೂ ಬೇರೆ ಬೇರೆಯಾಗಿ ಹೊಸ ವಿಮಾನ ಕೊಡುತ್ತದೆ. ಅರ್ಧ ಮನೆ ಬೆಳಗಿನದರಲ್ಲಿ, ಅರ್ಧ ಮನೆ ಸಂಜೆಯದರಲ್ಲಿ ಬೀಳಬಹುದು. ಬುಕ್ ಆದ ದಿನವೇ ಕಂಪನಿಗೆ ಫೋನ್ ಮಾಡಿ, ಎರಡೂ ಪಿಎನ್‌ಆರ್ ಒಂದೇ ಕುಟುಂಬದವು ಎಂದು ಎರಡರಲ್ಲೂ ಟಿಪ್ಪಣಿ ಹಾಕಿಸಿ. ಅದು ಭರವಸೆಯಲ್ಲ, ಆದರೆ ಸಾಲು ಸಾಲು ಪ್ರಯಾಣಿಕರು ಕೌಂಟರಿನಲ್ಲಿ ನಿಂತಾಗ ಸಿಬ್ಬಂದಿಗೆ ಕಣ್ಣಿಗೆ ಬೀಳುತ್ತದೆ.

ಹುಬ್ಬಳ್ಳಿಯವರಿಗೆ ಇನ್ನೂ ಒಂದು ತೊಡಕಿದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ನೇರ ವಿಮಾನ ಇರುವ ಊರುಗಳು ಕೈಬೆರಳಲ್ಲಿ ಎಣಿಸುವಷ್ಟು. ಬಾಕಿ ಎಲ್ಲದಕ್ಕೂ ಬೆಂಗಳೂರಲ್ಲೋ ಹೈದರಾಬಾದಲ್ಲೋ ಇಳಿದು ಹತ್ತಬೇಕು. ವೋಚರ್ ಒಂದೇ ಹಂತದ ಹಾರಾಟಕ್ಕೆ ಎಂದಿದ್ದರೆ ಬೆಂಗಳೂರಿನಿಂದ ಮುಂದಿನದನ್ನು ವೋಚರಿನಲ್ಲಿ, ಹುಬ್ಬಳ್ಳಿ-ಬೆಂಗಳೂರನ್ನು ಬೇರೆಯಾಗಿ ತೆಗೆಯಬೇಕಾಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ನಷ್ಟ ನಿಮ್ಮದು, ಸಾಮಾನನ್ನೂ ಬೆಂಗಳೂರಲ್ಲಿ ಇಳಿಸಿಕೊಂಡು ಮತ್ತೆ ಹಾಕಬೇಕು. ಬಂದದ್ದು ಇಂಡಿಗೋದಲ್ಲಿ, ಹೋಗುವುದು ಏರ್ ಇಂಡಿಯಾದಲ್ಲಿ ಎಂದಾದರೆ ಟರ್ಮಿನಲ್ ಕೂಡ ಒಂದರಿಂದ ಎರಡಕ್ಕೆ ಬದಲು. ಮಕ್ಕಳನ್ನು ಕಟ್ಟಿಕೊಂಡು ಇದಕ್ಕೆ ಮೂರೂವರೆ ತಾಸಿಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ.

ಇಷ್ಟಾದರೂ ಪಾಯಿಂಟ್ಸ್ ಖರ್ಚು ಮಾಡಲೇಬೇಕಾದರೆ ಕ್ರಮ ಹೀಗಿರಲಿ. ಮೊದಲು ನಾಲ್ಕು ಮಂದಿಗೆ ಹುಡುಕಿ, ಆಮೇಲೆ ಇಬ್ಬರಿಗೆ ಹುಡುಕಿ. ಕಡಿಮೆ ದರದ ಸೀಟು ಎರಡೇ ಉಳಿದಿದ್ದರೆ, ನಾಲ್ವರಿಗೆ ಹುಡುಕಿದಾಗ ಎಲ್ಲರಿಗೂ ಮೇಲಿನ ದರವೇ ಕಾಣುತ್ತದೆ. ಇಬ್ಬರಿಗೆ ಹುಡುಕಿದಾಗ ತಲೆಗೆ ದರ ಇಳಿದರೆ, ಕಡಿಮೆ ದರದ ಎರಡು ಸೀಟನ್ನು ರೊಕ್ಕದಲ್ಲಿ ತೆಗೆಯಿರಿ. ಆಮೇಲೆ ಏರಿದ ದರಕ್ಕೆ ಪಾಯಿಂಟಿನ ಬೆಲೆ ಮತ್ತೆ ಭಾಗಿಸಿ ನೋಡಿ. ಪಾಯಿಂಟಿನ ದರ ಅಷ್ಟೇ ಏರಿರದಿದ್ದರೆ ಪಾಯಿಂಟ್ಸ್ ಬಳಸಲು ಅದೇ ಒಳ್ಳೆಯ ಹೊತ್ತು.

ವೋಚರಿನ ತಾರೀಖಿನ ಬಗ್ಗೆಯೂ ಎಚ್ಚರ ಬೇಕು. ವರ್ಷದ ಖರ್ಚಿನ ಗುರಿ ಮುಟ್ಟಿದ ಮೇಲೆ ವೋಚರ್ ಖಾತೆಗೆ ಬೀಳಲು ವಾರಗಳೇ ಹಿಡಿಯುತ್ತವೆ, ಬಿದ್ದ ದಿನದಿಂದ ಆರು ತಿಂಗಳ ಗಡುವು ಎಂದಿರುತ್ತದೆ. ಜೂನ್‌ನಲ್ಲಿ ಬಿದ್ದರೆ ಡಿಸೆಂಬರಿಗೆ ಮುಗಿಯಿತು. ಬೇಸಿಗೆ ರಜೆ ಆಗಲೇ ಕಳೆದಿರುತ್ತದೆ, ನಡುವೆ ಮಕ್ಕಳಿಗೆ ಸಿಗುವುದು ದಸರೆ ರಜೆ ಒಂದೇ, ಆಗ ದರ ಏರಿ ಕುಳಿತಿರುತ್ತದೆ. ಕಾರ್ಡಿನ ವರ್ಷ ಶುರುವಾಗುವುದು ಕಾರ್ಡು ಕೊಟ್ಟ ತಿಂಗಳಿನಿಂದ. ವೋಚರ್ ಜನವರಿ ಹೊತ್ತಿಗೆ ಕೈಗೆ ಬರುವಂತೆ ಅರ್ಜಿಯ ತಿಂಗಳನ್ನೇ ಲೆಕ್ಕ ಹಾಕಿ ಆರಿಸಿಕೊಂಡರೆ ಏಪ್ರಿಲ್-ಮೇ ಪ್ರಯಾಣಕ್ಕೆ ಸಿಗುತ್ತದೆ. ಗಡುವು ಬುಕ್ಕಿಂಗಿಗೋ ಪ್ರಯಾಣಕ್ಕೋ ಎಂದು ನಿಯಮದಲ್ಲಿ ಓದಿ, ಎರಡೂ ಬಗೆ ಇವೆ. ವೋಚರಿನ ಟಿಕೆಟ್ ರದ್ದಾದರೆ ವೋಚರ್ ಮರಳಿ ಬರುತ್ತದೆಯೇ ಎಂಬುದನ್ನೂ ಅಲ್ಲೇ ಓದಿ.

ಹೆಸರಿನ ಗೊಂದಲ ನಮ್ಮ ಕಡೆಯವರಿಗೆ ಜಾಸ್ತಿ. ಬ್ಯಾಂಕಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ವಿಮಾನ ಕಂಪನಿಯ ಸದಸ್ಯತ್ವದಲ್ಲಿ ಎರಡೇ ಖಾನೆ. ಎರಡೂ ಕಡೆ ಒಂದೇ ತೆರನಾಗಿ ಇಲ್ಲದಿದ್ದರೆ ಖಾತೆ ಜೋಡಣೆಯಾಗುವುದಿಲ್ಲ, ಪಾಯಿಂಟ್ಸ್ ನಡುವೆಯೇ ಸಿಕ್ಕಿಕೊಳ್ಳುತ್ತವೆ. ಆಧಾರ್‌ನಲ್ಲಿರುವ ಅಕ್ಷರಗಳನ್ನೇ ಎರಡೂ ಕಡೆ ಬರೆಸಿ.

ವಿಮಾನ ನಿಲ್ದಾಣದಲ್ಲಿ ಕೂತು ಉಣ್ಣುವ ಲೌಂಜ್: ಹೆಚ್ಚಾಗಿ ಕಾರ್ಡು ಇರುವವರಿಗೆ ಮಾತ್ರ. ಮೂವರು ಹೊರಗೆ ಕೂತಿರುವಾಗ ಒಬ್ಬರೇ ಒಳಗೆ ಹೋಗಿ ಉಣ್ಣುವುದಕ್ಕೆ ನಾನು ಬೆಲೆ ಕಟ್ಟುವುದಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನ ಸಣ್ಣ ಅಂಗಡಿಗಳಲ್ಲಿ ನಡೆಯುವುದು ಕ್ಯೂಆರ್. ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡು ಜೋಡಿಸಲು 2022ರಿಂದ ಅವಕಾಶವಿದೆ, ಆದರೆ ಆ ಖರ್ಚಿಗೆ ಲಾಭದ ದರ ಬೇರೆ ಇರಬಹುದು, ನೋಡಿಕೊಳ್ಳಿ.

ಇನ್ನು ಒಂದೇ ಕಂಪನಿಗೆ ಕಟ್ಟಿಕೊಳ್ಳುವ ಪ್ರಶ್ನೆ. ಹುಬ್ಬಳ್ಳಿಯಿಂದ ಸ್ಪೈಸ್‌ಜೆಟ್, ಏರ್ ಇಂಡಿಯಾ, ಸ್ಟಾರ್ ಏರ್ ಬೇರೆ ಬೇರೆ ಕಾಲಕ್ಕೆ ಹಾರಿವೆ, ಈಗ ಹೆಚ್ಚಿನ ಭಾರ ಇಂಡಿಗೋ ಮೇಲೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಅದರ ಹೆಸರಿನ ಕಾರ್ಡುಗಳಿಗೂ ಅರ್ಥ ಉಳಿಯಲಿಲ್ಲ. ಕ್ಯಾಶ್‌ಬ್ಯಾಕ್ ರೊಕ್ಕ ಸ್ಟೇಟ್‌ಮೆಂಟಿನಲ್ಲೇ ಕಳೆದು ಬರುತ್ತದೆ. ಅದರಲ್ಲಿ ಯಾವ ವಿಮಾನವನ್ನಾದರೂ ಹತ್ತಬಹುದು, ನಾಲ್ವರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯಬಹುದು. ಆ ಟಿಕೆಟ್ ಖರೀದಿಯೂ ಆನ್‌ಲೈನ್ ಖರ್ಚೇ ಆದ್ದರಿಂದ, ಪ್ರಯಾಣದ ಟಿಕೆಟ್ಟನ್ನು ಹೊರಗಿಡದ ಕಾರ್ಡಾದರೆ 24,000 ರೂಪಾಯಿಯ ಟಿಕೆಟ್ಟಿಗೆ ಮತ್ತೆ 1,200 ವಾಪಸ್. ತಿಂಗಳ ಗರಿಷ್ಠ ಮಿತಿ ಇರುತ್ತದೆ, ದೊಡ್ಡ ಖರೀದಿ ಇರುವ ತಿಂಗಳಲ್ಲಿ ಬಿಲ್ಲಿನ ತಾರೀಖು ನೋಡಿಕೊಂಡು ಮಾಡಿ.

ಐಆರ್‌ಸಿಟಿಸಿ ಕಾರ್ಡನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು. ಬೆಂಗಳೂರಿಗೆ ಹೋಗುವುದೇ ಹೆಚ್ಚಾಗಿದ್ದರೆ ಅದು ವಿಮಾನದ ಕಾರ್ಡಿಗಿಂತ ಮೇಲು. ಎಸ್‌ಬಿಐ ಕೊಡುವ ಪ್ಲಾಟಿನಂ ಬಗೆಯಲ್ಲಿ ಎಸಿ ಟಿಕೆಟ್ಟಿಗೆ ಶೇ. 10ರವರೆಗೆ ಪಾಯಿಂಟಾಗಿ ಮರಳುತ್ತದೆ, ಪಾಯಿಂಟ್ ಬಳಸುವುದೂ ರೈಲು ಟಿಕೆಟ್ಟಿಗೇ. ಧಾರವಾಡ-ಬೆಂಗಳೂರು ವಂದೇ ಭಾರತ್ 2023ರ ಜೂನ್ 27ರಂದು ಶುರುವಾದ ಮೇಲೆ ಈ ಕಾರ್ಡಿಗೆ ನಮ್ಮಲ್ಲಿ ಉಪಯೋಗ ಹೆಚ್ಚಿದೆ. ತಲೆಗೆ 1,200 ಎಂದು ಹಿಡಿದರೆ ನಾಲ್ವರಿಗೆ ಹೋಗಿಬರುವ ಖರ್ಚು 9,600, ಅದಕ್ಕೆ ಸುಮಾರು 960 ರೂಪಾಯಿಯ ಪಾಯಿಂಟ್ಸ್. ನೆನಪಿಡಬೇಕಾದ ಮಾತು, ಚೇರ್ ಕಾರ್‌ನಲ್ಲಿ ಐದು ವರ್ಷ ತುಂಬಿದ ಮಗುವಿಗೆ ಅರ್ಧ ದರವಿಲ್ಲ. ರಾತ್ರಿ ರೈಲಿನ ಥ್ರೀ ಎಸಿಯಲ್ಲಿ ಬೇರೆ ಬರ್ತ್ ಬೇಡ ಎಂದರೆ 5ರಿಂದ 11 ವರ್ಷದವರಿಗೆ ಅರ್ಧ ದರ. ಬುಕ್ಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲು ತೆರೆಯುತ್ತದೆ. ಗದಗಿನಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ಆ ಗಾಡಿ ಖರ್ಚನ್ನೂ ಸೇರಿಸಿದರೆ ಬೆಂಗಳೂರಿಗೆ ವಿಮಾನ ಹಿಡಿಯುವುದು ಈ ಊರುಗಳವರಿಗೆ ಲಾಭವೇ ಅಲ್ಲ.

ವಿಮಾನದ ಕಾರ್ಡು ಯಾರಿಗೆ? ವ್ಯಾಪಾರದ ಖರೀದಿಯನ್ನು ಕಾರ್ಡಿನಲ್ಲೇ ಮಾಡಿ ವರ್ಷಕ್ಕೆ ಎಂಟು-ಹತ್ತು ಲಕ್ಷ ದಾಟಿಸುವವರಿಗೆ, ಅದೂ ಖರ್ಚಿನ ಗುರಿಗೆ ಮೂರು-ನಾಲ್ಕು ವೋಚರ್ ಒಟ್ಟಿಗೆ ಬರುವಂತಿದ್ದರೆ. ನಾಲ್ಕು ವೋಚರ್ ಒಂದೇ ಬುಕ್ಕಿಂಗಿನಲ್ಲಿ ಹಚ್ಚಲು ಬರುತ್ತದೆಯೇ ಎಂದು ಕೇಳಿಕೊಂಡೇ ತೆಗೆದುಕೊಳ್ಳಿ. ಇಬ್ಬರೇ ಇರುವ ಮನೆ, ಶಾಲೆ ರಜೆಯ ಹಂಗಿಲ್ಲದವರು, ಇವರಿಗೂ ಹೊಂದುತ್ತದೆ. ಯಾವ ಕಾರ್ಡಾದರೂ ಬಿಲ್ಲು ಪೂರ್ತಿ ಕಟ್ಟುವವರಿಗೆ ಮಾತ್ರ. ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿಯಲ್ಲಿ ಒಂದೆರಡು ತಿಂಗಳು ಬಾಕಿ ಉಳಿದರೆ ವರ್ಷದ ಲಾಭದ ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಈಗಾಗಲೇ ವಿಮಾನದ ಕಾರ್ಡು ಇದ್ದು ಬಿಡಬೇಕೆನ್ನುವವರು ಮುಂದಿನ ವರ್ಷದ ಶುಲ್ಕ ಬೀಳುವ ಒಂದು ತಿಂಗಳ ಮೊದಲೇ ಕೆಲಸ ಶುರುಮಾಡಿ. ಪಾಯಿಂಟ್ಸ್ ಬ್ಯಾಂಕಿನ ಖಾತೆಯಲ್ಲಿವೆಯೋ ವಿಮಾನ ಕಂಪನಿಯ ಖಾತೆಯಲ್ಲಿವೆಯೋ ಮೊದಲು ನೋಡಿ. ಬ್ಯಾಂಕಿನಲ್ಲಿರುವವು ಕಾರ್ಡು ಮುಚ್ಚಿದೊಡನೆ ಹೋಗಬಹುದು, ಅವನ್ನು ಕಂಪನಿಯ ಖಾತೆಗೆ ದಾಟಿಸಿ, ಅಲ್ಲಿ ಕಂಡ ಮೇಲೆಯೇ ಮುಚ್ಚುವ ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಕಾರ್ಡು ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಅರ್ಜಿಯನ್ನು ಇಮೇಲ್‌ನಲ್ಲೇ ಕೊಟ್ಟು ದೂರಿನ ಸಂಖ್ಯೆ ತೆಗೆದಿಟ್ಟುಕೊಳ್ಳಿ, ದಿನ ಎಣಿಸಲು ಅದೇ ಆಧಾರ.